ಬಳೆ ಅಡವಿಟ್ಟು ಹಡಗು ಹತ್ತಬೇಕೆ?

(ಗುರುತು ತಿಳಿಯದಂತೆ ಹೆಸರು ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ಗಣೇಶನಿಗೆ ಇಪ್ಪತ್ತು ವರ್ಷ. ಮಲ್ಪೆಯ ಕಡೆಯವನು. ಪಿಯುಸಿ ಅರ್ಧಕ್ಕೆ ಬಿಟ್ಟು ತಂದೆಯ ಜೊತೆ ಆಳಸಮುದ್ರದ ಬೋಟಿಗೆ ಹೋಗುತ್ತಿದ್ದ. ಅವನನ್ನು ಸಲಹೆಗೆಂದು ನನ್ನ ಬಳಿ ಕರೆತಂದವರು ತಾಯಿ. ಹದಿನೈದು ದಿನಗಳಿಂದ ತಂದೆ ಮಗನ ನಡುವೆ ಮಾತಿಲ್ಲ, ಹುಡುಗನಿಗೆ ರಾತ್ರಿ ನಿದ್ದೆಯಿಲ್ಲ ಎಂದರು.

ಹಡಗಿನಲ್ಲಿ ಕೆಲಸ ಕೊಡಿಸಲು ಏಜೆಂಟನೊಬ್ಬ ನಾಲ್ಕು ಲಕ್ಷ ಕೇಳಿದ್ದ. ತರಬೇತಿ ಬೇಡ, ವಿಸಿಟ್ ವೀಸಾದಲ್ಲಿ ದುಬೈಗೆ ಬಂದರೆ ಅಲ್ಲಿಂದಲೇ ಹಡಗು, ಬೇರೆ ದೇಶದ ಸಿಡಿಸಿ, ಅಂದರೆ ನಾವಿಕನ ಸೇವಾ ದಾಖಲೆಯ ಪುಸ್ತಕವನ್ನೂ ತಾನೇ ಮಾಡಿಸಿಕೊಡುತ್ತೇನೆ ಎಂದಿದ್ದ. ತಾಯಿ ಬಳೆ ಅಡವಿಡಲು ಸಿದ್ಧರಿದ್ದರು. ತಂದೆ ಒಪ್ಪಲಿಲ್ಲ.

ಮೊದಲ ಭೇಟಿಯಲ್ಲಿ ನಾನು ಹಡಗಿನ ಮಾತನ್ನೇ ಎತ್ತಲಿಲ್ಲ. ನಿದ್ದೆ ಬಾರದಾಗ ಏನು ನೆನಪಾಗುತ್ತದೆ ಎಂದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, "ಬೋಟಿನ ಸಾಲ" ಎಂದ. ತಂದೆಯ ಮೇಲಿನ ಆ ಭಾರವನ್ನು ಒಂದೇ ವರ್ಷದಲ್ಲಿ ಇಳಿಸಬೇಕೆಂದು ಅವನು ಒಳಗೊಳಗೇ ಹಟ ತೊಟ್ಟಿದ್ದ. ಹಣ ಕಟ್ಟಲು ಏಜೆಂಟ್ ಕೊಟ್ಟಿದ್ದ ಗಡುವು ಅವನಿಗೆ ಅಷ್ಟು ನಾಟಿದ್ದೂ ಅದಕ್ಕೇ.

ಹಾಗಾದರೆ ಕಡಲಿನ ಆಸೆ ಬರೀ ಸಾಲದ್ದೇ? ಎರಡನೆಯ ಭೇಟಿಯಲ್ಲಿ ಆ ಅನುಮಾನ ಹೋಯಿತು. ರಾತ್ರಿ ದೂರದಲ್ಲಿ ಹಾದುಹೋಗುವ ಹಡಗುಗಳ ಬಗ್ಗೆ ಹೇಳುತ್ತಾ ಹೋದ. "ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಎರಡೂ ಒಟ್ಟಿಗೆ ಕಂಡರೆ ಅದು ನೇರ ನಮ್ಮ ಕಡೆಗೇ ಬರುತ್ತಿದೆ ಮೇಡಂ." ಆಗ ಅವನ ಮುಖದಲ್ಲಿದ್ದ ಬೆಳಕನ್ನು ನಾನು ಮರೆಯಲಾರೆ. ಇವನನ್ನು ಕಡಲಿನಿಂದ ಬಿಡಿಸುವುದು ತಪ್ಪು, ಏಜೆಂಟನಿಂದ ಬಿಡಿಸಬೇಕು ಎಂದು ನಿಶ್ಚಯಿಸಿದೆ.

ಮೂರನೆಯ ಭೇಟಿಗೆ ತಂದೆಯೂ ಬಂದರು. ಅವರು ಆಡಿದ್ದು ಒಂದೇ ಮಾತು: "ನಮ್ಮ ಬೋಟು ಕೆಟ್ಟರೆ ವೈರ್‌ಲೆಸ್‌ನಲ್ಲಿ ಕರೆದರೆ ಯಾರಾದರೂ ಬರುತ್ತಾರೆ. ಅಲ್ಲಿ ಇವನು ಕರೆದರೆ ಯಾರು ಬರುತ್ತಾರೆ?"

ನನ್ನ ಸಲಹೆಯೆಲ್ಲ ಆ ಪ್ರಶ್ನೆಗೆ ಉತ್ತರವೇ ಆಗಿತ್ತು. ನಮ್ಮ ದೇಶದಲ್ಲಿ ಹಡಗಿಗೆ ಜನರನ್ನು ನೇಮಿಸುವ ಸಂಸ್ಥೆಗೆ ನೌಕಾಯಾನ ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ ಪರವಾನಗಿ ಇರಬೇಕು. ನಿರ್ದೇಶನಾಲಯದ ಜಾಲತಾಣದಲ್ಲೇ ಅದನ್ನು ಪರಿಶೀಲಿಸಬಹುದು. ಸಂಬಳ ನಿಂತರೆ, ಮಾಲೀಕ ಹಡಗನ್ನೇ ಕೈಬಿಟ್ಟರೆ ಉತ್ತರ ಹೇಳಬೇಕಾದವರು ಆ ಸಂಸ್ಥೆಯವರು. ಭಾರತ 2015ರಲ್ಲಿ ಅನುಮೋದಿಸಿದ ಕಡಲ ಕಾರ್ಮಿಕರ ಒಪ್ಪಂದದ ಪ್ರಕಾರ ಕೆಲಸ ಕೊಡಿಸಲು ನಾವಿಕನಿಂದ ಹಣ ಪಡೆಯುವಂತಿಲ್ಲ. ವೈದ್ಯಕೀಯ ಪ್ರಮಾಣಪತ್ರ, ಪಾಸ್‌ಪೋರ್ಟ್, ಸಿಡಿಸಿಯ ಖರ್ಚು ಮಾತ್ರ ಅವನದು. ನಾಲ್ಕು ಲಕ್ಷ ಕೇಳಿದ ಗಳಿಗೆಯಲ್ಲೇ ಆ ಏಜೆಂಟ್ ತಾನು ಯಾರೆಂದು ತೋರಿಸಿಕೊಟ್ಟಿದ್ದ.

ಸರಿಯಾದ ದಾರಿ ಗಣೇಶನಿಗೆ ತೆರೆದೇ ಇತ್ತು. ಜಿಪಿ ರೇಟಿಂಗ್, ಅಂದರೆ ಹಡಗಿನ ಸಾಮಾನ್ಯ ಸಿಬ್ಬಂದಿಯ ತರಬೇತಿ, ಆರು ತಿಂಗಳದ್ದು. ಹತ್ತನೇ ತರಗತಿ ಸಾಕು, ಅವನ ಅಂಕಗಳೂ ಸಾಲುತ್ತಿದ್ದವು. ಶುಲ್ಕ ಕಟ್ಟುವ ಮೊದಲು ಮಾನ್ಯತೆ ಪಡೆದ ವೈದ್ಯರಲ್ಲಿ ಕಣ್ಣು ತೋರಿಸು ಎಂದು ಒತ್ತಿ ಹೇಳಿದೆ. ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ತಪ್ಪಿದರೆ ಕೊಟ್ಟ ಹಣವೂ ವರ್ಷವೂ ಹೋಗುತ್ತವೆ, ಮನಸ್ಸು ಒಡೆಯುತ್ತದೆ.

ಒಂಟಿತನದ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಮಾತಾಡಿದೆವು. ಹತ್ತು ದಿನ ನಮ್ಮ ಭಾಷೆಯವರ ಜೊತೆ ಬೋಟಿನಲ್ಲಿರುವುದು ಬೇರೆ, ಇಪ್ಪತ್ತು ಚಿಲ್ಲರೆ ಅಪರಿಚಿತರ ನಡುವೆ ಆರೇಳು ತಿಂಗಳು ನಾಲ್ಕು ಗಂಟೆ ವಾಚ್ (ಕಾವಲು ಪಾಳಿ), ಎಂಟು ಗಂಟೆ ಬಿಡುವು ಎಂದು ಕಳೆಯುವುದು ಬೇರೆ. ನಿದ್ದೆಗೆಟ್ಟರೆ ಮೇಲಧಿಕಾರಿಗೆ ಹೇಳಿಕೊಳ್ಳುವುದನ್ನು ಈಗಲೇ ರೂಢಿ ಮಾಡಿಕೊ ಎಂದೆ. ಸಾಲದ ಲೆಕ್ಕವನ್ನು ತಂದೆ ಮಗ ನನ್ನೆದುರೇ ಒಂದು ಹಾಳೆಯಲ್ಲಿ ಬರೆದರು. ಅವನು ಹೆದರಿದ್ದ ಮೊತ್ತದ ಅರ್ಧವೂ ಇರಲಿಲ್ಲ.

ಕಣ್ಣಿನ ಪರೀಕ್ಷೆ ಆಯಿತು, ಎಲ್ಲವೂ ಸರಿಯಿದೆ. ಮುಂದಿನ ಪ್ರವೇಶದವರೆಗೆ ಗಣೇಶ ಬೋಟಿಗೇ ಹೋಗುತ್ತಿದ್ದಾನೆ, ನಿದ್ದೆಯೂ ಬರುತ್ತಿದೆಯಂತೆ. ತಾಯಿ ಮಾತ್ರ ಹೊರಡುವಾಗ ಬಾಗಿಲ ಬಳಿ ನಿಂತು, ತಮಗೂ ಒಂದು ದಿನ ಸಮಯ ಕೊಡುತ್ತೀರಾ ಎಂದು ಕೇಳಿದರು. ಬುಧವಾರ ಬರಲು ಹೇಳಿದ್ದೇನೆ.