ನಾಯಿ ಬಂದರೂ ‘ಬಂತು’, ನಾನು ಬಂದರೂ ‘ಬಂತು’!

ಪ್ರಶ್ನೆ: ನಮ್ಮದು ದಕ್ಷಿಣ ಕನ್ನಡದ ವಿಟ್ಲದ ಕಡೆಯ ಹವ್ಯಕ ಮನೆ, ಮನೆಮಾತು ಹವ್ಯಕ ಕನ್ನಡ. ಈಗ ಬೆಂಗಳೂರಿನಲ್ಲಿದ್ದೇವೆ, ಅತ್ತೆಯೂ ಜೊತೆಗಿದ್ದಾರೆ. ಮೊನ್ನೆ ಊಟಕ್ಕೆ ಕೂತಾಗ 13 ವರ್ಷದ ಮಗಳು ರೇಗಿದಳು: ‘ತಮ್ಮ ಬಂದರೆ ಬಂದ, ನಾನು ಬಂದರೆ ಬಂತು. ನಾಯಿಗೂ ಬಂತು. ಈ ಭಾಷೆ ನನಗೆ ಬೇಡ.’ ಅವತ್ತಿನಿಂದ ಅತ್ತೆ ಅವಳ ಹತ್ತಿರ ಪುಸ್ತಕದ ಕನ್ನಡದಲ್ಲೇ ಮಾತಾಡುತ್ತಾರೆ, ಅದೂ ಲೆಕ್ಕ ಹಾಕಿದ ಹಾಗೆ. ಮಗಳು ಹೇಳಿದ್ದರಲ್ಲಿ ನನಗೂ ತಪ್ಪು ಕಾಣುತ್ತಿಲ್ಲ. ಏನು ಮಾಡಲಿ?

ಉತ್ತರ: ಮಗಳನ್ನು ಬೈಯಬೇಡಿ. ಮನೆಮಾತನ್ನು ಇಷ್ಟು ಕಿವಿಗೊಟ್ಟು ಕೇಳುವ ಮಕ್ಕಳು ಈಗ ಎಲ್ಲಿದ್ದಾರೆ?

ಆದರೆ ಅವಳ ಲೆಕ್ಕದಲ್ಲಿ ಒಂದು ಎಡವಟ್ಟಿದೆ. ಶಾಲೆಯ ಕನ್ನಡವನ್ನು ಅಳತೆಗೋಲು ಮಾಡಿಕೊಂಡಿದ್ದಾಳೆ. ಅದೇ ಕೋಲು ಹಿಡಿದರೆ ಮಾಷ್ಟ್ರ ಗತಿ ಏನು? ಗೌರವ ಕೊಟ್ಟು ಹೇಳುವಾಗ ನಿಮ್ಮಲ್ಲಿ ‘ಮಾಷ್ಟ್ರು ಬಂದವು’ ಅಲ್ವಾ? ಶಾಲೆಯ ಕನ್ನಡದಲ್ಲಿ ‘ಬಂದವು’ ಅಂದರೆ ದನಗಳು! ಇದನ್ನು ಕೇಳಿಯೂ ಅವಳು ನಗದಿದ್ದರೆ ನನಗೆ ಮತ್ತೆ ಬರೆಯಿರಿ.

ಬೆಂಗಳೂರಿನಲ್ಲಿ ತೆಲುಗು ಗೆಳತಿಯರಿಗೇನು ಬರವೇ? ಅವರನ್ನೂ ಕೇಳಲಿ. ಅಮ್ಮ ಬಂದರೂ ‘ವಚ್ಚಿಂದಿ’, ನಾಯಿ ಬಂದರೂ ‘ವಚ್ಚಿಂದಿ’. ಗಂಡಸರು ಒಂದು ಕಡೆ, ಉಳಿದಿದ್ದೆಲ್ಲ ಇನ್ನೊಂದು ಕಡೆ. ದ್ರಾವಿಡ ಭಾಷೆಗಳಲ್ಲಿ ಈ ಕ್ರಮ ಹವ್ಯಕ ಒಂದರದ್ದೇ ಅಲ್ಲ. ಹಾಗಂತ ಅದು ನ್ಯಾಯ ಅಂತ ನಾನು ಹೇಳುವುದಿಲ್ಲ. ವ್ಯಾಕರಣವೇ ಹಾಕಿದ್ದಾದರೂ ಗಂಡಸಿಗೆ ಬೇರೆ ಮಣೆ ಅಂದರೆ ಬೇರೆ ಮಣೆಯೇ.

ಇನ್ನೊಂದು ನೋಡಿ. ಈ ‘ಬಂತು’ ಬರುವುದು ಅವಳ ಬಗ್ಗೆ ಬೇರೆಯವರ ಹತ್ತಿರ ಹೇಳುವಾಗ. ಅಜ್ಜಿ, ಮೊಮ್ಮಗಳು ಎದುರುಬದುರು ಕೂತರೆ ‘ಆನು’ (ಅಂದರೆ ನಾನು), ‘ನೀನು’, ಅಷ್ಟೇ. ಅದರಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಆ ‘ಆನು’ ಹಳಗನ್ನಡದ ‘ಆನ್’. ಅವಳ ಪಾಠದಲ್ಲಿ ಹಳಗನ್ನಡ ಪದ್ಯ ಬಂದಾಗ ಸಿಗುತ್ತದೆ. ಉಳಿದ ಮಕ್ಕಳು ಅರ್ಥ ಹುಡುಕುವಾಗ ಇವಳು ಅಜ್ಜಿಯ ಬಾಯಲ್ಲಿ ಕೇಳಿರುತ್ತಾಳೆ. ಅಕ್ಕನ ಬಗ್ಗೆ ಹೇಳುವಾಗ ಅವಳು ‘ಬಂದಳು’ ಅಂತ ಸೇರಿಸಿಕೊಂಡರೆ ಸೇರಿಸಿಕೊಳ್ಳಲಿ ಬಿಡಿ. ಕಲಬೆರಕೆ ಅಂತ ತಿದ್ದಲು ಹೋಗಬೇಡಿ.

ನನಗೆ ಜಾಸ್ತಿ ಚಿಂತೆ ನಿಮ್ಮ ಅತ್ತೆಯದು. ಆ ಪುಸ್ತಕದ ಕನ್ನಡ ಇದೆಯಲ್ಲ, ಅದು ಶುದ್ಧ ಮುನಿಸು. ‘ನಮ್ಮ ಮಾತು ಬೇಡ ತಾನೇ, ತಗೋ’ ಅಂತ. ಸಮಾಧಾನ ಮಾಡಲು ನೀವು ನಡುವೆ ಹೋಗಬೇಡಿ, ಮಗಳನ್ನೇ ಕಳಿಸಿ. ‘ಅಜ್ಜಿ, ಸಣ್ಣವಳಿದ್ದಾಗ ನಿಮ್ಮನ್ನೂ ಅದು ಅಂದರಲ್ಲ, ನಿಮಗೆ ಏನನ್ನಿಸುತ್ತಿತ್ತು?’ ಅಂತ ಕೇಳಲಿ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಉತ್ತರ ಮಗಳ ಪರವಾಗಿಯೇ ಬಂದರೂ ಆಶ್ಚರ್ಯವಿಲ್ಲ.

ಆಮೇಲೆ ಒಂದು ಆಟ ಹೇಳಿಕೊಡಿ. ನಿಮ್ಮಲ್ಲಿ ‘ಎಂಗೊ’ ಅಂದರೆ ನಿನ್ನನ್ನು ಬಿಟ್ಟು ನಾವು. ‘ನಾವು’ ಅಂದರೆ ನೀನೂ ಸೇರಿ. ಪುಸ್ತಕದ ಕನ್ನಡಕ್ಕೆ ಎರಡೂ ಒಂದೇ. ಮುಂದಿನ ಸಲ ವಿಟ್ಲಕ್ಕೆ ಹೋಗುವ ಮಾತು ಬಂದಾಗ ಅಜ್ಜಿ ಎರಡರಲ್ಲಿ ಯಾವುದು ಹೇಳುತ್ತಾರೆ ಅಂತ ಮಗಳು ಕಿವಿಗೊಟ್ಟು ಕೇಳಲಿ.