ಬೈರಿಗೆ ಕೆಳಗಿಡು, ಮೊದಲು ತಕ್ಕಡಿ ತಗೋ

ನಿನ್ನ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಕೊಡಗಿನ ಪೊನ್ನಂಪೇಟೆಯಿಂದ ನ್ಯೂಜಿಲೆಂಡಿನ ಆಶ್‌ಬರ್ಟನ್ ಹತ್ತಿರದ ಡೈರಿ ಫಾರ್ಮಿಗೆ ಬಂದು ವರ್ಷವಾಯಿತು, ಲೈಸೆನ್ಸ್ ಸಿಕ್ಕಿತು, ಹಳೆಯ .308 ರೈಫಲ್ ಕೊಂಡೆ, ಎಲ್ಲ ಸೇರಿ 4.7 ಕಿಲೋ ತೂಗುತ್ತದೆ, ಗುಡ್ಡ ಹತ್ತುವಾಗ ಹೆಗಲು ಬಿದ್ದುಹೋಗುತ್ತದೆ, ಮನೆಯಲ್ಲೇ ಬೈರಿಗೆ ಹಿಡಿದು ಮರದ ಹಿಡಿಯನ್ನು ಒಳಗಿಂದ ಕೊರೆದರೆ ಎಷ್ಟು ಕಮ್ಮಿಯಾಗಬಹುದು ಅಂತ ಕೇಳಿದ್ದೀಯ. ಜೊತೆಗೆ ಟಿಮರು ಕಡೆ ಬಾಡಿಗೆ ಹೇಗೆ, ಚಳಿಗೆ ಏನು ಮಾಡುವುದು, ಹೆಂಡತಿಯನ್ನು ಈಗಲೇ ಕರೆಸಿಕೊಳ್ಳಲಾ ಅಂತ ಬೇರೆ.

ಬಾಡಿಗೆ ಜಾಸ್ತಿ. ಚಳಿಗೆ ಉಣ್ಣೆಯ ಒಳಂಗಿ, ಹತ್ತಿಯದು ಬೇಡ. ಹೆಂಡತಿಯ ವಿಷಯ ಹೆಂಡತಿಯನ್ನೇ ಕೇಳು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಊರಿಗೆ ಹೋಗಿ ಬರುವ ಟಿಕೆಟ್ ದುಡ್ಡು ಯಾವಾಗಲೂ ಬೇರೆ ಇಟ್ಟಿರು. ನಮ್ಮಪ್ಪ ಹೋದಾಗ ನನ್ನ ಹತ್ತಿರ ಅದು ಇರಲಿಲ್ಲ. ಆ ಎರಡು ಗುಂಡಿನ ಸದ್ದನ್ನು ನಾನು ಫೋನಿನಲ್ಲಿ ಕೇಳಿದೆ. ನಮ್ಮಲ್ಲಿ ಸಾವಾದಾಗ ಹಾರಿಸುವ ಎರಡು ಗುಂಡು, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕೋವಿ ವಿಷಯ.

ನಾನು ಬಂದದ್ದು 2006ರಲ್ಲಿ. ಊರಲ್ಲಿ ಕೋವಿ ಜೊತೆಗೇ ಬೆಳೆದವನು, ಆದರೆ ಬೇಟೆ ಅಂದರೆ ಅಜ್ಜ ಹೇಳಿದ ಕಥೆ ಅಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹುಟ್ಟಿದವನು ನಾನು. ನಮ್ಮ ಕೋವಿ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಗೋಡೆಯಿಂದ ಇಳಿಯುತ್ತಿತ್ತು, ತೋಕ್ ಪೂ ಅಂದರೆ ಕೋವಿ ಹೂವು ಮುಡಿಯುತ್ತಿತ್ತು, ಮತ್ತೆ ಗೋಡೆ ಸೇರುತ್ತಿತ್ತು. ಇಲ್ಲಿ ನೋಡಿದರೆ ಬೇಟೆಯಾಡುವವನಿಗೆ ಸರ್ಕಾರವೇ ಪರ್ಮಿಟ್ ಕೊಡುತ್ತದೆ, ಅದೂ ಪುಕ್ಕಟೆ. ಬಾವಲಿ ಬಿಟ್ಟರೆ ಈ ದೇಶದ ನೆಲಕ್ಕೆ ಸ್ವಂತ ಸಸ್ತನಿಯೇ ಇರಲಿಲ್ಲ. ಕೆಂಪು ಜಿಂಕೆ, ಶಮೊಯ್, ಹಿಮಾಲಯದ ತಾರ್ ಅನ್ನುವ ಕಾಡುಮೇಕೆ ಎಲ್ಲ ಹೊರಗಿಂದ ತಂದು ಬಿಟ್ಟವು. ತಾರ್ ಬಂದದ್ದು 1904ರಲ್ಲಿ, ಮೌಂಟ್ ಕುಕ್ ಕಡೆಗೆ. ಮೂಲ ನಮ್ಮ ಕಡೆಯ ಬೆಟ್ಟ, ಇಲ್ಲಿ ಬೇರೂರಿ ಈಗ ಜಾಸ್ತಿಯಾಯಿತು ಅಂತ ಬೈಸಿಕೊಳ್ಳುವ ಪ್ರಾಣಿ. ನಮ್ಮ ಹಾಗೇ ಅಲ್ವಾ?

ನನ್ನ ಮೊದಲ ರೈಫಲ್ ಕೊಟ್ಟದ್ದು ಪಕ್ಕದ ಮನೆಯ ಮುದುಕರು. ಜೀವಮಾನವೆಲ್ಲ ಗುಡ್ಡಗಳಲ್ಲಿ ಕುರಿ ಕಾದವರು. ವಾಲ್‌ನಟ್ ಮರದ ಹಿಡಿ, ಅವರು ವರ್ಷ ವರ್ಷವೂ ಅಗಸೆ ಎಣ್ಣೆ ತಿಕ್ಕಿ ತಿಕ್ಕಿ ಹಲಸಿನ ಮರದ ಹಳೇ ಕಂಬದ ಬಣ್ಣ ಬಂದಿತ್ತು. ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್ ಸೇರಿ 3.9 ಕಿಲೋ. ಹೆಸರಿಗೆ ಒಂದಿಷ್ಟು ದುಡ್ಡು ತಗೊಂಡರು.

ನನಗೆ ಅದು ಭಾರ ಅನ್ನಿಸಿತು. ಹಗುರ ಮಾಡುವ ಹುಚ್ಚು ಹಿಡಿಯಿತು. ಹಿಂದಿನ ರಬ್ಬರ್ ಬಿಚ್ಚಿ, 22 ಮಿಲಿಮೀಟರಿನ ಬೈರಿಗೆಯಲ್ಲಿ 15 ಸೆಂಟಿಮೀಟರ್ ಆಳದ ಮೂರು ತೂತು ಕೊರೆದೆ. ಪುಡಿಯನ್ನೆಲ್ಲ ಗುಡಿಸಿ ಅಡುಗೆಮನೆಯ ತಕ್ಕಡಿಗೆ ಹಾಕಿದರೆ 100 ಗ್ರಾಂ. ಅಷ್ಟೇ! ಮರ ನೀರಿಗಿಂತ ಹಗುರ, ಎಷ್ಟು ತೆಗೆದರೂ ತೂಕ ಇಳಿಯುವುದಿಲ್ಲ, ಇದು ಕೊರೆದ ಮೇಲೆ ಹೊಳೆಯಿತು. ಅದರ ಮೇಲೆ ಹಿಂದೆ ಹಗುರವಾಗಿ ಮೂತಿ ಕೆಳಗೆ ಎಳೆಯತೊಡಗಿತು. ಅದನ್ನು ಸರಿ ಮಾಡೋಣ ಅಂತ ಮುಂದೆಯೂ ಉಳಿ ಹಾಕಿದೆ. ನಳಿಕೆ ಕೂರುವ ಸಾಲನ್ನು ಅಗಲ ಮಾಡಿ, ಆಳ ಮಾಡಿ, ಪಕ್ಕದ ಗೋಡೆ ತೆಳ್ಳಗಾಗುವವರೆಗೆ ಕೆತ್ತಿದೆ. ಇನ್ನೊಂದು 80 ಗ್ರಾಂ ಹೋಯಿತು. ಒಟ್ಟು ಲೆಕ್ಕ ಹಾಕಿದರೆ ಒಂದು ಲೋಟ ಕಾಫಿಯ ತೂಕ.

ಕೆತ್ತಿದ ಜಾಗಕ್ಕೆ ಎಣ್ಣೆಯನ್ನಾಗಲಿ ವಾರ್ನಿಶ್ ಆಗಲಿ ಹಚ್ಚಲಿಲ್ಲ. ಒಳಗೆ ಯಾರು ನೋಡುತ್ತಾರೆ ಅಂತ. ಬಿಸಿಲಿನ ದಿನ 100 ಮೀಟರಿಗೆ ಗುರಿ ಸರಿಮಾಡಿಕೊಂಡೆ, ಚೆನ್ನಾಗಿಯೇ ಬಿತ್ತು.

2010ರ ಮೇ ತಿಂಗಳಲ್ಲಿ ರಂಗಿಟಾಟಾ ನದಿಯ ಮೇಲಿನ ಕಣಿವೆಗೆ ಹೋದೆವು. ಮೂರು ದಿನ ಮಳೆ, ಪಶ್ಚಿಮದ ಗಾಳಿ, ಕೋವಿ ಹೊತ್ತುಕೊಂಡು ನೆನೆದದ್ದೇ ನೆನೆದದ್ದು. ನಾಲ್ಕನೇ ಬೆಳಿಗ್ಗೆ ತಿಳಿಯಾಯಿತು. ಸುಮಾರು 200 ಮೀಟರ್ ದೂರದ ಬಂಡೆಯ ಮೇಲೆ ದೊಡ್ಡ ಗಂಡು ತಾರ್, ಕೇಸರ ಗಾಳಿಗೆ ಹಾರುತ್ತಿತ್ತು. ಚೀಲದ ಮೇಲೆ ಕೋವಿ ಇಟ್ಟು, ಉಸಿರು ಹಿಡಿದು ಹೊಡೆದೆ. ಭುಜದ ಹಿಂದೆ ಬೀಳಬೇಕಾದ ಗುಂಡು ಹೊಟ್ಟೆಗೆ ಬಿತ್ತು. ಅದು ಒಮ್ಮೆ ಗೂನಾಗಿ ನಿಂತು, ನಿಧಾನಕ್ಕೆ ಪ್ರಪಾತದ ಕಡೆ ಇಳಿದುಹೋಯಿತು. ಕತ್ತಲಾಗುವ ತನಕ ಹುಡುಕಿದೆವು. ಮರುದಿನವೂ ಹುಡುಕಿದೆವು. ಸಿಗಲಿಲ್ಲ.

ಮನೆಗೆ ಬಂದು ಹತ್ತು ಡಾಲರ್ ನೋಟು ತಗೊಂಡು ನಳಿಕೆ ಮತ್ತು ಮರದ ನಡುವೆ ಎಳೆದು ನೋಡಿದೆ. ಮುಂಚೆ ಸಲೀಸಾಗಿ ಜಾರುತ್ತಿದ್ದ ನೋಟು ಅರ್ಧಕ್ಕೇ ಸಿಕ್ಕಿಕೊಂಡಿತು. ಎಣ್ಣೆ ಹಚ್ಚದ ಬರಿಮೈಯ ಮರ ನೀರು ಕುಡಿದು, ಉಬ್ಬಿ, ಒಂದು ಪಕ್ಕದಿಂದ ನಳಿಕೆಯನ್ನು ಒತ್ತುತ್ತಿತ್ತು. ಅದರಿಂದ ಗುಂಡು 100 ಮೀಟರಿಗೇ 12 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತಿತ್ತು. ಕಕ್ಕಡ ತಿಂಗಳ ಜಡಿಮಳೆಗೆ ಊರಿನ ಹಿರಿಯರ ಮನೆ, ಐನ್‌ಮನೆಯ ಬಾಗಿಲು ಉಬ್ಬಿ ಹಾಕಲು ಬರದೆ ಕಾಲಿಂದ ಒದ್ದು ಮುಚ್ಚುತ್ತಿದ್ದ ನನಗೆ ಇದು ಗೊತ್ತಿರಬೇಕಿತ್ತು. ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನಮಗೆ ಗೊತ್ತಿರಬೇಕಿತ್ತು.

ಮುದುಕರಿಗೆ ತೋರಿಸಿದೆ. ಕೆತ್ತಿದ ಕಡೆ ಹೆಬ್ಬೆರಳು ಆಡಿಸಿದರು. "ಭಾರ ಅಂತ ಹೇಳಿದ್ದರೆ ಬೇರೆ ಹಗುರದ್ದು ಕೊಡುತ್ತಿದ್ದೆನಲ್ಲ" ಅಂದರು. ಬೈಯಲಿಲ್ಲ. ತಾರ್ ವಿಷಯ ನಾನು ಅವರಿಗೆ ಹೇಳಲಿಲ್ಲ. ಎರಡು ವರ್ಷಕ್ಕೆ ಅವರು ತೀರಿಕೊಂಡರು, ಹೇಳದೆಯೇ ಉಳಿಯಿತು.

ಹಾಗಾಗಿ ನಿನಗೆ ಹೇಳುವುದು ಇಷ್ಟು. ರೈಫಲ್ಲನ್ನು ಬಿಚ್ಚಿ ಒಂದೊಂದನ್ನೂ ತೂಕ ಮಾಡು. ಮುಂದಿನ ಗಾಜು 50 ಮಿಲಿಮೀಟರ್ ಇರುವ ನಿನ್ನ ಸ್ಕೋಪ್ 600 ಗ್ರಾಂ ಆಸುಪಾಸು ಇರಬಹುದು, 3ರಿಂದ 9 ಪಟ್ಟು ಹಿಗ್ಗಿಸುವ 40 ಮಿಲಿಮೀಟರಿನ ಸಾಧಾರಣದ್ದು (3-9x40) ಆದರೆ 350ರ ಆಸುಪಾಸು. ಸ್ಕೋಪ್ ಹಿಡಿದಿರುವ ಉಕ್ಕಿನ ರಿಂಗ್ ತೆಗೆದು ಅಲ್ಯುಮಿನಿಯಂ ಹಾಕಿದರೆ ಇನ್ನೊಂದಿಷ್ಟು. ನಿನ್ನದು ಪದರ ಪದರ ಅಂಟಿಸಿದ ಮರದ ಹಿಡಿ ಅಂತೀಯ, ಅದು ಮರಗಳಲ್ಲೇ ಭಾರದ್ದು, ಕೊರೆಯುವ ಬದಲು ನಿನ್ನ ಮಾದರಿಗೆ ಕೂರುವ ಸಿಂಥೆಟಿಕ್ ಹಿಡಿಯನ್ನು ಕೊಂಡುಕೋ. ಹಳೆಯದನ್ನು ಮಾರಬೇಡ. ಅಂದ ಹಾಗೆ 20 ಗುಂಡು ಹೊತ್ತರೆ ಅದೇ ಅರ್ಧ ಕಿಲೋ, ಐದಾರು ಸಾಕು. ಇಷ್ಟಕ್ಕೇ 700, 800 ಗ್ರಾಂ ಇಳಿಯುತ್ತದೆ, ಒಂದು ಚೂರೂ ಕೆತ್ತದೆ. ಏನು ಬದಲಿಸಿದರೂ ಮತ್ತೆ ಗುರಿ ಸರಿಮಾಡಿಕೊಳ್ಳದೆ ಕಾಡಿಗೆ ಹೋಗಬೇಡ.

ಕಬ್ಬಿಣದ ಯಾವ ಭಾಗಕ್ಕೂ ಅರ ಹಾಕಬೇಡ. ನಳಿಕೆ ಗಿಡ್ಡ ಮಾಡಿಸುವುದಿದ್ದರೆ ಗನ್‌ಸ್ಮಿತ್ ಹತ್ತಿರವೇ, ಮೂತಿಯ ಅಂಚು ಕೂದಲಷ್ಟು ಓರೆಯಾದರೂ ಗುರಿ ಕೆಟ್ಟಿತು ಅಂತ ತಿಳಿ. ಪೂರ್ತಿ ಉದ್ದ 762 ಮಿಲಿಮೀಟರಿಗಿಂತ ಕಮ್ಮಿಯಾದರೆ ಇಲ್ಲಿನ ಕಾನೂನಿನಲ್ಲಿ ಅದು ಪಿಸ್ತೂಲು, ನಿನ್ನ ಲೈಸೆನ್ಸ್ ಅದಕ್ಕೆ ನಡೆಯುವುದಿಲ್ಲ. ಊರಲ್ಲಿ ಕೊಡವರಾದ ನಮಗೆ ಕೋವಿ ಲೈಸೆನ್ಸಿನಿಂದ 2029ರವರೆಗೆ ವಿನಾಯಿತಿ ಇದೆ ಅಂತ ಇಲ್ಲೂ ಸಲುಗೆ ತೋರಿಸಬೇಡ. 2023ರ ಜೂನ್‌ನಿಂದ ಇಲ್ಲಿ ಕೋವಿಗಳ ನೋಂದಣಿ ಬೇರೆ ಶುರುವಾಗಿದೆ.

ಇನ್ನೊಂದು, ಹಗುರವಾದಷ್ಟೂ ಒದೆತ ಜಾಸ್ತಿ. 4.7 ಹೋಗಿ 3.9 ಆದರೆ ಭುಜಕ್ಕೆ ಬೀಳುವ ಪೆಟ್ಟು ಐದನೇ ಒಂದು ಭಾಗ ಏರುತ್ತದೆ. ಪೆಟ್ಟಿಗೆ ಹೆದರಿ ಕಣ್ಣು ಮುಚ್ಚುವವನ ಗುಂಡು ಎಲ್ಲಿ ಬೀಳುತ್ತದೆ ಅಂತ ಹೇಳಬೇಕಾ? ಮೂತಿಗೆ ಹಾಕುವ ಸದ್ದು ತಗ್ಗಿಸುವ ಸಪ್ರೆಸರ್ ಭಾರ ಅಂತ ತೆಗೆಯಬೇಡ, ಒದೆತ ತಗ್ಗಿಸುವುದೂ ಕಿವಿ ಉಳಿಸುವುದೂ ಅದೇ.

ಆ ವಾಲ್‌ನಟ್ ಹಿಡಿ ಈಗಲೂ ನನ್ನ ಬೀರುವಿನಲ್ಲಿದೆ. ರೈಫಲ್ಲಿಗೆ ಬೇರೆ ಹಾಕಿಸಿದೆ. ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ದಿನ ಎರಡನ್ನೂ ಮೇಜಿನ ಮೇಲೆ ಇಡುತ್ತೇನೆ. ಇಲ್ಲಿ ಆಗ ವಸಂತ, ತೋಕ್ ಪೂ ಎಲ್ಲಿಂದ ತರಲಿ, ಅಂಗಳದಲ್ಲಿ ಅರಳಿದ ಡ್ಯಾಫೊಡಿಲ್ ಹೂವೇ ಗತಿ. ಈ ಸಲ ನೀನೂ ಬಾ. ಹಂದಿ ಸಿಕ್ಕಿದೆ, ಫ್ರೀಜರಿನಲ್ಲಿದೆ, ಅದಕ್ಕೆ ಹಾಕುವ ನಮ್ಮ ಕಪ್ಪು ಹುಳಿ, ಕಾಚಂಪುಳಿ ಮಾತ್ರ ಮುಗಿದಿದೆ. ನಿಮ್ಮ ಕಡೆಯವರು ಯಾರಾದರೂ ಬರುವುದಿದ್ದರೆ ಒಂದು ಬಾಟಲಿ ತರಲು ಹೇಳು, ಏರ್‌ಪೋರ್ಟಿನ ಫಾರ್ಮಿನಲ್ಲಿ ಮರೆಯದೆ ಬರೆಯಲಿ, ಬಚ್ಚಿಟ್ಟು ಸಿಕ್ಕಿಬಿದ್ದರೆ 400 ಡಾಲರ್ ದಂಡ.