ಸೋಲೊದ ಮದುವೆಗೆ ನಾನು ಬಾಟಿಕ್ ಹಾಕಿಕೊಂಡು ಹೋಗಬಹುದಾ?

ಜಕಾರ್ತಾಕ್ಕೆ ಹೊಸದಾಗಿ ಬಂದಿದ್ದೀರಿ, ಜೊತೆಗೆ ಕೆಲಸ ಮಾಡುವವರ ಮದುವೆ ಮಧ್ಯ ಜಾವಾದ ಸೋಲೊ ಊರಲ್ಲಿದೆ, ಹೊರಗಿನವರು ಬಾಟಿಕ್, ಅಂದರೆ ಮೇಣದಿಂದ ಚಿತ್ತಾರ ಬಿಡಿಸಿ ಬಣ್ಣ ಹಾಕಿದ ಅಲ್ಲಿನ ಬಟ್ಟೆ, ಹಾಕಿದರೆ ಅವರಿಗೆ ಬೇಜಾರಾಗುತ್ತಾ, ಕೋಟು ಟೈ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಬಾಟಿಕ್ಕೇ ಹಾಕಿ. ಬೇಜಾರಂತೂ ಖಂಡಿತ ಇಲ್ಲ, ತುಂಬಾ ಖುಷಿಪಡುತ್ತಾರೆ. ನಾನು ಜಕಾರ್ತಾದಲ್ಲಿ ಕೆಲಸದಲ್ಲಿದ್ದಾಗ ಜಾವಾದ ಮದುವೆಗಳಿಗೆ ಹೋಗಿದ್ದೇನೆ, ಅದರ ಮೇಲೆ ಹೇಳುತ್ತಿದ್ದೇನೆ.

ಅಂಗಿ ಉದ್ದ ತೋಳಿನದೇ ಆಗಿರಲಿ. ಗಿಡ್ಡ ತೋಳಿನದು ಶುಕ್ರವಾರ ಆಫೀಸಿಗೆ ಹಾಕುವಂಥದ್ದು. ಅಲಿ ಸಾದಿಕಿನ್ ಜಕಾರ್ತಾದ ಗವರ್ನರ್ ಆಗಿದ್ದಾಗ, 1970ರ ದಶಕದಲ್ಲಿ, ಉದ್ದ ತೋಳಿನ ಬಾಟಿಕ್ ಅಂಗಿಯನ್ನು ಸಮಾರಂಭದ ಉಡುಪು ಅಂತ ಬಳಕೆಗೆ ತಂದರು, ಹಾಗಾಗಿ ಇವತ್ತಿಗೂ ಅದು ಕೋಟಿಗೆ ಸಮ. ಅದರ ಮೇಲೆ ಟೈ ಬೇಡ, ಕೋಟೂ ಬೇಡ. ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಬೇಡಿ, ಹೊರಗೇ ಬಿಡಿ. ತೋಳು ಮಡಚಬೇಡಿ. ಕಪ್ಪು ಪ್ಯಾಂಟು, ಮುಚ್ಚಿದ ಶೂ, ಇಷ್ಟು ಸಾಕು.

ನಿಜವಾಗಿ ಎಚ್ಚರ ಬೇಕಾಗಿರುವುದು ಚಿತ್ತಾರದ ವಿಷಯದಲ್ಲಿ. ಪರಂಗ್ ಅನ್ನುವ ಚಿತ್ತಾರ ಇದೆ, ಎಸ್ ಆಕಾರದ ಅಲೆಗಳು ಓರೆಯಾಗಿ ಸಾಲು ಸಾಲಾಗಿ ಒಂದಕ್ಕೊಂದು ಕೂಡಿಕೊಂಡು ಬರುತ್ತವೆ, ನೋಡಲು ಬಹಳ ಚೆಂದ, ಅಂಗಡಿಯವರು ಮೊದಲು ತೋರಿಸುವುದೂ ಎಷ್ಟೋ ಸಲ ಅದನ್ನೇ. ಮದುವೆಗೆ ಅದು ಬೇಡವೇ ಬೇಡ. ಅದು ಅರಮನೆಯವರ ಚಿತ್ತಾರ. ಸೋಲೊದ ಹಾಗೇ ಅರಮನೆ ಇರುವ ಜಾವಾದ ಇನ್ನೊಂದು ಊರು ಯೋಗ್ಯಕರ್ತಾದಲ್ಲಿ ಎಂಟನೇ ಹಮೆಂಕುಬುವೊನೊ ಸುಲ್ತಾನರು 1927ರಲ್ಲಿ ಯಾವ ದರ್ಜೆಯವರು ಯಾವ ಚಿತ್ತಾರ ಉಡಬೇಕು ಅಂತ ನಿಯಮವನ್ನೇ ಮಾಡಿದ್ದರು. ಅದರ ಜೊತೆಗೆ, ಮದುವೆಯಲ್ಲಿ ಪರಂಗ್ ಉಟ್ಟರೆ ಗಂಡ ಹೆಂಡತಿ ನಡುವೆ ಜಗಳ ಬರುತ್ತದೆ ಅನ್ನುವ ನಂಬಿಕೆ ಜಾವಾದ ಹಿರಿಯರಲ್ಲಿ ಇದೆ. ಹಳೇ ಕಾಲದ ಮಾತು ಅಂತ ಬಿಡಬೇಡಿ. 2022ರ ಡಿಸೆಂಬರ್‌ನಲ್ಲಿ ಆಗಿನ ಅಧ್ಯಕ್ಷ ಜೋಕೊವಿಯವರ ಕಿರಿಯ ಮಗನ ಮದುವೆ ಆಯಿತಲ್ವಾ, ಸೋಲೊದ ಮಂಕುನೆಗಾರನ್ ಅರಮನೆಗೆ ಬರುವ ಅತಿಥಿಗಳಿಗೆ ಪರಂಗ್ ಉಟ್ಟು ಬರಬೇಡಿ ಅಂತ ಮೊದಲೇ ಹೇಳಿದ್ದರು. ನೀವು ಹೋಗುತ್ತಿರುವುದೂ ಅದೇ ಊರಿಗೆ.

ಸಿದೊ ಮುಕ್ತಿ, ಸಿದೊ ಲುಹುರ್ ಇವನ್ನೂ ಬಿಡಿ, ಅವು ಮದುಮಕ್ಕಳು ಉಡುವಂಥವು. ತ್ರುಂತುಮ್ ಅವರ ಅಪ್ಪ ಅಮ್ಮಂದಿರದು: ಕಪ್ಪು ನೆಲದ ಮೇಲೆ ನಕ್ಷತ್ರದಂಥ ಸಣ್ಣ ಹೂಗಳು. ಸ್ಲೊಬೊಗ್ ಸಾವಿನ ಮನೆಯದು. ಇಷ್ಟೆಲ್ಲ ನೆನಪಿಟ್ಟುಕೊಳ್ಳಲು ಆಗದಿದ್ದರೆ ಚಿರೆಬೊನ್‌ನ ಮೋಡದ ಚಿತ್ತಾರ ಮೆಗಾ ಮೆಂದುಂಗ್ ತೆಗೆದುಕೊಳ್ಳಿ, ಇಲ್ಲವೇ ಪೆಕಲೊಂಗನ್ ಕಡೆಯ ಹೂಬಳ್ಳಿಯದು. ಇವು ಕರಾವಳಿ ಊರುಗಳ ಬಾಟಿಕ್, ಅರಮನೆಯ ಕಟ್ಟುಪಾಡು ಇವಕ್ಕೆ ಅಂಟಿಲ್ಲ.

ಇನ್ನೊಂದು ಮಾತು. ಮನೆಯವರು, ಹತ್ತಿರದ ನೆಂಟರು ಒಂದೇ ಬಟ್ಟೆಯಲ್ಲಿ ಹೊಲಿಸಿಕೊಳ್ಳುವ ರೂಢಿ ಇದೆ, ಅದಕ್ಕೆ ಸೆರಗಾಮ್ ಅನ್ನುತ್ತಾರೆ. ನಿಮಗೂ ಬಟ್ಟೆ ಕೊಟ್ಟರೆ ಅದು ದೊಡ್ಡ ಪ್ರೀತಿ, ತಪ್ಪದೆ ಹೊಲಿಸಿ ಅದನ್ನೇ ಹಾಕಿ. ಕೊಡದಿದ್ದರೆ ಯಾವ ಬಣ್ಣ ಅಂತ ಒಮ್ಮೆ ಕೇಳಿಬಿಡಿ, ಅದನ್ನು ಬಿಟ್ಟು ಬೇರೆ ಆರಿಸಿಕೊಳ್ಳಬಹುದು.

ನಿಮ್ಮ ಹೆಂಡತಿಯೂ ಬರುವುದಾದರೆ ರೇಷ್ಮೆ ಸೀರೆ ಧಾರಾಳವಾಗಿ ಆಗುತ್ತದೆ. ಕೆಬಾಯ ಕುಪ್ಪಸದ ಜೊತೆ ಬಾಟಿಕ್ ಬಟ್ಟೆ ಉಡುವ ಆಸೆ ಇದ್ದರೆ ಉಡಿಸುವವರನ್ನು ಕರೆಸಿ. ಅದಕ್ಕೂ ಸೀರೆಯ ಹಾಗೆ ಮುಂದೆ ನೆರಿಗೆ ಇರುತ್ತದೆ, ಆದರೆ ಬಹಳ ಸಣ್ಣ ನೆರಿಗೆ. ಅಂಚಿನ ಬಿಳಿ ಪಟ್ಟಿಯನ್ನು ಯೋಗ್ಯಕರ್ತಾದವರು ಕಾಣುವಂತೆ ಬಿಡುತ್ತಾರೆ, ಸೋಲೊದವರು ಒಳಗೆ ಮಡಚುತ್ತಾರೆ. ಅಲ್ಲಿನ ಅಜ್ಜಿಯರು ಇದನ್ನು ನೋಡಿಯೇ ನೋಡುತ್ತಾರೆ!

ದುಡ್ಡಿನ ವಿಷಯಕ್ಕೆ ಬಂದರೆ, ಕೈಯಲ್ಲಿ ಚಾಂತಿಂಗ್ ಅನ್ನುವ ಪೆನ್ನಿನಂಥ ಸಾಧನ ಹಿಡಿದು ಮೇಣದಲ್ಲಿ ಬರೆದ ಬಾಟಿಕ್ ಜಾಸ್ತಿ ದುಬಾರಿ. ತಾಮ್ರದ ಅಚ್ಚಿನಿಂದ ಮೇಣ ಒತ್ತಿ ಮಾಡಿದ್ದು ಮಧ್ಯಮ ಬೆಲೆಗೆ ಸಿಗುತ್ತದೆ, ನಿಮಗೆ ಅದು ಸಾಕು. ಬರೀ ಪ್ರಿಂಟ್ ಹೊಡೆದ ಬಟ್ಟೆಗೆ ಸುಮ್ನೆ ದುಡ್ಡು ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ, ಮೇಣ ಮುಟ್ಟದ ಬಟ್ಟೆಯನ್ನು ಬಾಟಿಕ್ ಅನ್ನಲು ನನಗೆ ಮನಸ್ಸಿಲ್ಲ. ತಿರುಗಿಸಿ ನೋಡಿ. ಹಿಂಬದಿ ಮಂಕಾಗಿದ್ದರೆ ಬಹುಮಟ್ಟಿಗೆ ಪ್ರಿಂಟೇ.

ಸೆಂಟನ್ನು ನೇರ ಬಟ್ಟೆಯ ಮೇಲೆ ಹೊಡೆಯಬೇಡಿ, ಬಣ್ಣಕ್ಕೆ ಒಳ್ಳೆಯದಲ್ಲ. ಒಗೆಯಲು ಸೋಪಿನ ಪುಡಿ ಬೇಡ, ಅಲ್ಲಿ ಲೆರಾಕ್ ಅಂತ ಸಿಗುತ್ತದೆ, ನಮ್ಮ ಅಂಟುವಾಳದ ಜಾತಿಯದ್ದೇ. ಅದರ ನೊರೆಯಲ್ಲಿ ಅದ್ದಿ, ಹಿಂಡದೆ ನೆರಳಲ್ಲಿ ಒಣಗಿಸಿ.